ಕೀವಿ ಹಕ್ಕಿ ನಮ್ಮ ಕಾಲು ಮೂಸುವುದೇಕೆ?

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು "ನಾನು ನಿಲ್ಲಬೇಕಾದ್ದು ಇಲ್ಲೇನಾ?" ಎಂದು ಪಕ್ಕದ ಬೆಟ್ಟವನ್ನು ಕೇಳುತ್ತಿದ್ದವು. ಯಾವ ಕಡೆ ಹರಿಯಬೇಕೆಂದು ಹೊಳೆಗಳಿಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಆಗ ಹಕ್ಕಿ, ಗಾಳಿ, ನೀರು, ಮನುಷ್ಯರು, ಎಲ್ಲರ ಮಾತೂ ಎಲ್ಲರಿಗೂ ತಿಳಿಯುತ್ತಿತ್ತು ಮರಿ. ತಿಳಿದು ಏನು ಬಂತು? ಗೊಂದಲ ಮಾತ್ರ ಈಗಿನಷ್ಟೇ ಇತ್ತು.

ದಕ್ಷಿಣದ ಕಡಲಿನ ಒಂದು ದ್ವೀಪದಲ್ಲಿ, ಜರೀಗಿಡಗಳ ಕಾಡಿನಲ್ಲಿ ಒಬ್ಬ ಕೀವಿ ಇದ್ದ. ಉರುಟು ಮೈ. ಹಾರೋಣವೆಂದರೆ ರೆಕ್ಕೆ ಇದ್ದೂ ಇಲ್ಲದ ಹಾಗೆ. ಕಣ್ಣಂತೂ ಬಹಳ ಮಂದ. ಆದರೆ ಅವನ ಮೂಗು ಉದ್ದ ಕೊಕ್ಕಿನ ತುದಿಯಲ್ಲೇ ಇತ್ತು. ನೀನು ಕಣ್ಣಿನಿಂದ ನೋಡಿ ತಿಳಿಯುವುದನ್ನೆಲ್ಲ ಅವನು ನೆಲ ತಟ್ಟಿ, ಮೂಸಿ ತಿಳಿಯುತ್ತಿದ್ದ.

ಒಂದು ದಿನ ಅವನ ಹೆಂಡತಿ ಮೊಟ್ಟೆ ಇಟ್ಟಳು. ಎಂಥ ಮೊಟ್ಟೆ ಅಂತೀಯ! ಅವಳ ಮೈಯೊಳಗೆ ಅದು ಹೇಗೆ ಹಿಡಿಸಿತ್ತೋ ನನಗಂತೂ ಅರ್ಥವಾಗುವುದಿಲ್ಲ.

"ರೀ, ನನ್ನ ಸೊಂಟ ಬಿದ್ದುಹೋಯ್ತು. ಇಟ್ಟಿದ್ದು ನಾನು, ಕಾವು ಕೊಡೋದು ನೀವು" ಎಂದು ಹೇಳಿ ಅವಳು ಹುಳ ಹುಡುಕಲು ಹೊರಟಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ ಬಿಡು.

ಅಪ್ಪಕೀವಿ ಬಿಲದೊಳಗೆ ಕಾವು ಕೂತ. ದಿನಕ್ಕೊಮ್ಮೆ, ಮುಸ್ಸಂಜೆಗೆ, ಹೊಟ್ಟೆಗಿಷ್ಟು ಹಾಕಿಕೊಳ್ಳಲು ಹೊರಗೆ ಹೋಗುತ್ತಿದ್ದ. ಹೋಗುವ ಮುಂಚೆ ಬಿಲದ ಬಾಯಿಗೆ ಒಣ ಎಲೆ, ಕಡ್ಡಿ ಒಟ್ಟಿ ಬಾಗಿಲು ಹಾಕುತ್ತಿದ್ದ. ಆ ಎಲೆಗಳಿಗೆ ಅವನದೇ ವಾಸನೆ ಹತ್ತಿತ್ತು. ಆ ವಾಸನೆ ಹಿಡಿದೇ ಮನೆಗೆ ವಾಪಸ್ಸು ಬರುತ್ತಿದ್ದ. ಬೇರೆ ಗುರುತು ಇಟ್ಟುಕೊಂಡವನೇ ಅಲ್ಲ.

ಹೀಗಿರುವಾಗ ಒಂದು ಸಂಜೆ ಹೊಟ್ಟೆ ತುಂಬಿಸಿಕೊಂಡು ಮನೆ ಕಡೆ ತಿರುಗಿದ. ಮೂಸಿದ. ಬಾಗಿಲ ವಾಸನೆ ಎಡಗಡೆಯಿಂದ ಬರಬೇಕಿತ್ತು, ಬಲಗಡೆಯಿಂದ ಬಂತು!

"ಗಾಳಿಯಣ್ಣ, ನನ್ನ ಬಾಗಿಲು ಎಲ್ಲಿದೆ?"

"ಹೊಳೆ ದಡದಲ್ಲಿ."

"ಬಾಗಿಲಿಗೇನು ಕಾಲು ಬಂತೇ?"

"ನಾನು ವಾಸನೆ ತರುವವನು, ಕಾರಣ ತರುವವನಲ್ಲ" ಎಂದು ಗಾಳಿ ಮುಂದಕ್ಕೆ ಹೋಯಿತು.

ಕೀವಿ ತಲೆ ಬಗ್ಗಿಸಿ ಓಡಿದ. ಯಾವ ದಾರಿ, ಎಷ್ಟು ತಿರುವು, ಒಂದನ್ನೂ ಗಮನಿಸಲಿಲ್ಲ. ಹೊಳೆ ದಡ ಮುಟ್ಟಿ ಬಾಗಿಲಿಗೆ ಕೊಕ್ಕು ತೂರಿಸಿದ. ಬಾಗಿಲೇನೋ ಅವನದೇ. ಆದರೆ ಅದರ ಹಿಂದೆ ಮನೆಯೇ ಇಲ್ಲ! ಮೊಟ್ಟೆಯೂ ಇಲ್ಲ.

ಇನ್ನೊಂದು ಸಲ ತೂರಿಸಿದ. "ಅಯ್ಯಯ್ಯೋ!" ಎಂದು ಬಾಗಿಲೇ ಕಿರುಚಿತು.

ಕಿರುಚಿದ್ದು ಬಾಗಿಲಲ್ಲ, ಒಬ್ಬಳು ಮುದುಕಿ. ಅವತ್ತೇ ಆ ದ್ವೀಪಕ್ಕೆ ಮೊಟ್ಟಮೊದಲ ಮನುಷ್ಯರು ದೋಣಿಯಲ್ಲಿ ಬಂದಿಳಿದಿದ್ದರು. ಅವರಲ್ಲಿ ಕುರಾ ಎಂಬ ಹೆಂಗಸು ತನ್ನ ಅಜ್ಜಿಯ ಬೆನ್ನುನೋವಿಗೆ ಹಾಸಿಗೆ ಮಾಡಲು ಒಣ ಎಲೆ ಹುಡುಕುತ್ತಾ ಕಾಡಿಗೆ ಹೋಗಿದ್ದಳು. ಒಂದು ಕಡೆ ಎಲೆ ನೀಟಾಗಿ ಒಟ್ಟಿಟ್ಟಿತ್ತು. 'ಗಾಳಿ ಎಷ್ಟು ಒಳ್ಳೆಯದಪ್ಪ, ಗುಡ್ಡೆ ಹಾಕಿಯೇ ಕೊಟ್ಟಿದೆ' ಎಂದುಕೊಂಡು ಬಾಚಿ ತಂದಳು. ಹಕ್ಕಿ ಬಾಗಿಲು ಹಾಕುತ್ತದೆಂದು ಅವಳಿಗೆ ಹೇಳಿದವರು ಯಾರು?

"ನನ್ನ ಬಾಗಿಲ ಮೇಲೆ ಮಲಗಿದ್ದೀರಲ್ಲ ತಾಯಿ, ನನ್ನ ಮನೆ ಎಲ್ಲಿ?" ಎಂದ ಕೀವಿ. "ಮೊಟ್ಟೆ ತಣ್ಣಗಾದರೆ ಒಳಗಿರೋ ಮಗು ಉಳಿಯಲ್ಲ."

ಕುರಾ ಮುಂದೆ ಬಂದಳು. "ನಾನೇ ತಂದಿದ್ದು ಹಕ್ಕಿಯಪ್ಪ. ಎಲ್ಲಿಂದ ಅಂತ ಹೇಳಲಿ? ನಿಮ್ಮ ಕಾಡಲ್ಲಿ ಎಲ್ಲಾ ಗಿಡವೂ ಒಂದೇ ಥರ ಕಾಣ್ತವೆ. ಹೊಳೆಯಮ್ಮ, ನೀನು ನೋಡಿದ್ಯಾ?"

"ನನ್ನನ್ನು ಕೇಳಬೇಡಿ, ನಾನೇ ದಾರಿ ತಪ್ಪಿದೀನೋ ಏನೋ ಅಂತ ಯೋಚನೆಯಲ್ಲಿದೀನಿ" ಎಂದಿತು ಹೊಳೆ.

ಅಜ್ಜಿ ಎದ್ದು ಕೂತು ಗದರಿದಳು. "ಮೊದಲು ಆ ಕೆಸರುಗಾಲು ತೊಳ್ಕೊಂಡು ಬಾರೇ. ಆಮೇಲೆ ಹುಡುಕುವಿಯಂತೆ."

ಕುರಾ ನೀರಿಗೆ ಕಾಲು ಇಡುವುದರಲ್ಲಿದ್ದಳು. ಕೀವಿಯ ಮೂಗಿಗೆ ಏನೋ ಹೊಡೆಯಿತು. "ತೊಳೀಬೇಡಿ!" ಎಂದು ಕೂಗಿ ಓಡಿಬಂದು ಅವಳ ಪಾದಕ್ಕೆ ಕೊಕ್ಕು ಇಟ್ಟ.

ಮೇಲಿದ್ದದ್ದು ಹೊಳೆಯ ಮರಳು. ಅದರ ಕೆಳಗೆ ಯಾವುದೋ ಮರದ ಅಂಟು. ಅದರ ಕೆಳಗೆ ಕೊಳೆತ ಜರೀಗಿಡ. ಎಲ್ಲಕ್ಕಿಂತ ಕೆಳಗೆ, ಹಿಮ್ಮಡಿಯ ಬಿರುಕಿನಲ್ಲಿ, ಒಂದು ಚಿಟಿಕೆ ಕಪ್ಪು ಮಣ್ಣು. ಅವನ ಮನೆಯ ಹೊಸ್ತಿಲ ಮಣ್ಣು!

"ನಡೀರಿ ತಾಯಿ. ಹಾದಿ ನಿಮ್ಮ ಕಾಲಲ್ಲೇ ಇದೆ."

ಇಬ್ಬರೂ ಹೊರಟರು. ಅವನು ಪಾದ ಮೂಸುವುದು, ನೆಲ ಮೂಸುವುದು, ಫೂ ಎಂದು ಮೂಗು ಝಾಡಿಸಿ ಓಡುವುದು. ಮತ್ತೆ ಅನುಮಾನ ಬಂದು ಹಿಂದಕ್ಕೆ ಬಂದು ಪಾದ ಮೂಸುವುದು. ಮರಳು ಮುಗಿಯಿತು. ಅಂಟಿನ ಮರ ಸಿಕ್ಕಿತು. ಜರೀಗಿಡದ ಹಳ್ಳದಲ್ಲಿ ಮೂರು ಸುತ್ತು ತಿರುಗಿ, ಎಲ್ಲಿದ್ದೇವೆಂದು ಇಬ್ಬರಿಗೂ ತಿಳಿಯದಾಯಿತು. ಅಷ್ಟರಲ್ಲಿ ಕತ್ತಲಾಗಿ ಇಬ್ಬನಿ ಬೀಳತೊಡಗಿತು.

"ಇನ್ನೊಂದು ಸಲ ಕಾಲು ಕೊಡಿ" ಎಂದ ಕೀವಿ. ಹಿಮ್ಮಡಿಯನ್ನು ಜೋರಾಗಿ ಮೂಸಿದ. ತಿರುಗಿ ಒಂದು ಹೆಜ್ಜೆ ಇಟ್ಟ. ಬಿಲ ಅಲ್ಲೇ ಇತ್ತು, ಬಾಯಿ ತೆರೆದುಕೊಂಡು.

ಒಳಗೆ ನುಗ್ಗಿ ಮೊಟ್ಟೆಗೆ ಎದೆ ಕೊಟ್ಟ. ಮೊಟ್ಟೆ ತಣ್ಣಗಿದೆಯೋ, ತನ್ನ ಎದೆಯೇ ತಣ್ಣಗಾಗಿದೆಯೋ, ಅವನಿಗೆ ತಿಳಿಯಲಿಲ್ಲ. ಕುರಾ ಹೊಳೆಯ ಸದ್ದು ಹಿಡಿದು ದಡಕ್ಕೆ ಓಡಿ ಅಜ್ಜಿಯನ್ನು ಬರಿನೆಲದ ಮೇಲೆ ಮಲಗಿಸಿ, ಎಲೆಯನ್ನೆಲ್ಲ ಬಾಚಿಕೊಂಡು, ಕೀವಿಯ ಕೂಗು ಹಿಡಿದು ವಾಪಸ್ಸು ಬಂದು, ಬಿಲದ ಬಾಯಿಗೆ ಮೊದಲಿದ್ದ ಹಾಗೇ ಒಟ್ಟಿದಳು. ಆಮೇಲೆ ಹೊರಗೇ ಕೂತಳು.

ಬೆಳಗಿನ ಹೊತ್ತಿಗೆ ಒಳಗಿನಿಂದ ಸದ್ದಾಯಿತು. ಟಕ್. ಸ್ವಲ್ಪ ಬಿಟ್ಟು ಮತ್ತೆ, ಟಕ್.

"ಹಕ್ಕಿಯಪ್ಪ, ಅದು ನೀನೋ, ಮಗುವೋ?" ಎಂದಳು ಕುರಾ.

"ನಾನಲ್ಲ" ಎಂದ ಕೀವಿ. ಅವನಿಗೆ ಅಳುವುದೋ ನಗುವುದೋ ಗೊತ್ತಾಗಲಿಲ್ಲ.

ಮರಿ ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದ ಮೇಲೆ ಅಪ್ಪ ಹೇಳಿಕೊಟ್ಟ: "ಮನುಷ್ಯರು ಕೆಟ್ಟವರಾ ಒಳ್ಳೆಯವರಾ ಅಂತ ನನಗೆ ಇನ್ನೂ ತಿಳಿದಿಲ್ಲ ಕಂದ. ಗೊತ್ತಿಲ್ಲದೆ ನಮ್ಮ ಬಾಗಿಲು ಎತ್ಕೊಂಡು ಹೋಗ್ತಾರೆ, ಗೊತ್ತಾದ್ರೆ ತಂದೂ ಕೊಡ್ತಾರೆ. ಅದಕ್ಕೇ, ಸಿಕ್ಕಿದಾಗ ಮೊದಲು ಕಾಲು ಮೂಸಿ ನೋಡು." ಆ ಮರಿ ತನ್ನ ಮರಿಗೆ ಹೇಳಿತು, ಅದು ತನ್ನ ಮರಿಗೆ.

ಮೊನ್ನೆ ಫೋನಿನಲ್ಲಿ ಒಂದು ಕೀವಿ ಯಾರದೋ ಬೂಟನ್ನು ತಟ್ಟಿ, ಮೂಸಿ, ಫೂ ಎಂದು ಓಡಿಹೋದದ್ದನ್ನು ನೋಡಿ ಬಿದ್ದುಬಿದ್ದು ನಕ್ಕೆಯಲ್ಲ ಮರಿ, ಅದು ಒಬ್ಬ ಅಪ್ಪ ತನ್ನ ಹೊಸ್ತಿಲ ಮಣ್ಣು ಈ ಕಾಲಿಗೂ ಅಂಟಿಕೊಂಡು ಬಂದಿದೆಯೇ ಎಂದು ನೋಡಿ ಹೋದದ್ದು.