ಮುನ್ನೂರು ವ್ಯಾಟಿನ ಹಟ

ಮದುವೆ ವಿಡಿಯೋ ಎಡಿಟ್ ಮಾಡುವ ಜುಲೇಖಾಳ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬಂತು. ಬಂದದ್ದೇ ಹಳೆಯ ಪವರ್ ಸಪ್ಲೈಯನ್ನು ಕೇಳಿತು: "ಏನಜ್ಜ, ಮೈಮೇಲೆ ಐನೂರು ವ್ಯಾಟ್ ಅಂತಿದೆ. ಐನೂರಕ್ಕಿಂತ ಕಡಿಮೆಯ ಮನೆಗೆ ನಾನು ಕಾಲಿಡುವುದಿಲ್ಲ. ನಿಜ ತಾನೆ?"

"ಸುಳ್ಳು. ಆ ಚೀಟಿ ಅಂಗಡಿಯವರು ಅಂಟಿಸಿದ್ದು. ನನ್ನ ಕೈಲಾಗುವುದು ಮುನ್ನೂರು."

ಮದರ್‌ಬೋರ್ಡ್ ಗಾಬರಿಯಾಯಿತು. "ಸುಮ್ಮನೆ ಹೂಂ ಅನ್ನು ಮಾರಾಯ! ಇಲ್ಲವೆಂದರೆ ನಿನ್ನನ್ನೇ ಕಿತ್ತೆಸೆಯುತ್ತಾರೆ."

"ಎಸೆಯಲಿ. ಹೂಂ ಅಂದು ನಾನು ಸುಟ್ಟುಹೋದರೆ ನಿಮ್ಮನ್ನೂ ಸುಡುತ್ತೇನೆ. ಹಾರ್ಡ್ ಡಿಸ್ಕಿನಲ್ಲಿ ನಲವತ್ತು ಮದುವೆಗಳಿವೆ. ಅವರೆಲ್ಲ ಇನ್ನೊಮ್ಮೆ ಮದುವೆಯಾಗುತ್ತಾರೇನು?"

ಜುಲೇಖಾ ಕೆಲಸ ಶುರುಮಾಡಿದಳು. ಕಾರ್ಡ್ ಕರೆಂಟಿಗೆ ಬಾಯಿ ಹಾಕಿದ್ದೇ ತಡ, ಪವರ್ ಸಪ್ಲೈ ಎಲ್ಲವನ್ನೂ ಆರಿಸಿತು. ಮತ್ತೆ ಸ್ವಿಚ್ ಒತ್ತಿದಳು, ಮತ್ತೆ ಆರಿಸಿತು. ಮೂರನೆಯ ಸಲ ಜುಲೇಖಾ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಅನುಮಾನದಿಂದ ಪವರ್ ಸಪ್ಲೈ ಮೇಲಿನ ಚೀಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿದಳು. ಕೆಳಗೆ ಇನ್ನೊಂದು ಚೀಟಿ, ಮುನ್ನೂರು.

"ಅಂಗಡಿಯವನ ಬಾಯಿಗಿಂತ ನೀನೇ ವಾಸಿ ಕಣೋ," ಎಂದು ಸ್ಕ್ರೂ ಬಿಚ್ಚಿ ಪವರ್ ಸಪ್ಲೈಯನ್ನು ಹೊರಗಿಟ್ಟಳು.

"ಹೇಳಿದ್ದೆನಲ್ಲ! ಇನ್ನು ಎಲ್ಲಿಗೆ ಹೋಗುತ್ತೀಯ?" ಎಂದು ಮದರ್‌ಬೋರ್ಡ್ ಹಲುಬಿತು.

"ಎಲ್ಲಿಗಾದರೇನು? ಮುನ್ನೂರು ಸಾಕಾಗುವ ಕೆಲಸ ಊರಲ್ಲಿ ಬೇಕಾದಷ್ಟಿದೆ."