ಹೊರೆ ಇಳಿಸುವ ಕಲ್ಲು

"ಗುರುಗಳೇ, ಮಾಡಿದ ತಪ್ಪಿಗೆ ನಾಚಿಕೊಂಡು, ಅದನ್ನು ನಾಲ್ಕು ಜನರೆದುರು ಒಪ್ಪಿಕೊಂಡ ಮೇಲೂ ನಾಚಿಕೆ ಯಾಕೆ ಉಳಿಯುತ್ತದೆ?" ಎಂದು ಶಿಷ್ಯನೊಬ್ಬ ಕೇಳಿದ.

ಹಿಂದಿನ ದಿನ ಅವನು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯ ಸಾಕಮ್ಮನನ್ನು ಬೈದು, ಎಲೆ ಬಿಟ್ಟು ಎದ್ದಿದ್ದ. ಈ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ನಿಂತು ಕ್ಷಮೆ ಕೇಳಿದ್ದ. ಚೆನ್ನಾಗಿಯೇ ಕೇಳಿದ್ದ. ಕೆಲವರ ಕಣ್ಣು ಒದ್ದೆಯಾಗಿದ್ದವು. ಸಾಕಮ್ಮ ಆಗ ಹಿಂದಿನ ಕೋಣೆಯಲ್ಲಿ ಒಲೆ ಊದುತ್ತಿದ್ದಳು.

ಪ್ರಶ್ನೆ ಕೇಳುವ ಆತುರದಲ್ಲಿ ಅವನು ಒಳಗೂ ಬಂದಿರಲಿಲ್ಲ. ಹೊಸ್ತಿಲ ಮೇಲೆಯೇ ಕೂತುಬಿಟ್ಟಿದ್ದ. ಸಾಕಮ್ಮ ಖಾಲಿ ಕೊಡ ಹಿಡಿದು ಬಾವಿಗೆ ಹೊರಟವಳು, "ಒಸಿ ಜರುಗಪ್ಪ" ಎಂದಳು. ಅವನು ಒಂದು ಮೊಣಕಾಲನ್ನು ಒಳಕ್ಕೆ ಎಳೆದುಕೊಂಡ. ಅವಳು ನೆರಿಗೆ ಎತ್ತಿ ಹಿಡಿದು, ಅವನನ್ನು ದಾಟಿಕೊಂಡು ಹೋದಳು.

ಗುರುಗಳು ಅದನ್ನೂ ನೋಡಿದರು, ಅವನ ಮುಖವನ್ನೂ ನೋಡಿದರು. ಆಮೇಲೆ ಕತೆ ಹೇಳಿದರು.

ಒಂದು ಪಟ್ಟಣ ಇತ್ತು. ಅದು ಬೆಳೆಯಿತು. ಬೆಳೆಯುವ ಪಟ್ಟಣ ಹಸಿದ ಮಗುವಿನ ಹಾಗೆ. ತನ್ನ ತಟ್ಟೆಯಲ್ಲಿದ್ದದ್ದು ಮುಗಿದ ಮೇಲೆ ಪಕ್ಕದವರ ತಟ್ಟೆಗೆ ಕೈ ಹಾಕುತ್ತದೆ. ಹಾಗೆ ಅದು ಪಕ್ಕದ ಹಳ್ಳಿಯ ರಾಗಿ ಹೊಲಗಳನ್ನು ತಿಂದಿತು. ಅಲ್ಲಿ ಒಂದು ಬಡಾವಣೆ ಎದ್ದಿತು. ಹಳ್ಳಿಯ ಗುಂಡುತೋಪು ಮಾತ್ರ ಉಳಿಯಿತು. ದಾರಿಹೋಕರಿಗೆ ನೆರಳಾಗಲಿ ಎಂದು ಹಿಂದಿನವರು ನೆಟ್ಟ ಮಾವು, ಹಿಪ್ಪೆ, ನೇರಳೆ ಮರಗಳ ತೋಪು ಅದು. ಬಡಾವಣೆಯವರು ಅದಕ್ಕೆ ಬೇಲಿ ಹಾಕಿ ಪಾರ್ಕು ಎಂದು ಕರೆದರು.

ಪಾರ್ಕಿಗೊಂದು ಸಮಿತಿ, ಸಮಿತಿಗೊಬ್ಬ ಅಧ್ಯಕ್ಷ. ಅಧ್ಯಕ್ಷ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ. ಕೆಲಸದಿಂದ ನಿವೃತ್ತನಾದ ಮೇಲೆ ಅವನು ಪಾರ್ಕನ್ನೇ ಮನೆ ಮಾಡಿಕೊಂಡಿದ್ದ. ನಡೆಯುವವರಿಗೆ ಮರಗಳ ಸುತ್ತ ಕಲ್ಲುಹಾಸಿನ ದಾರಿ ಮಾಡಿಸಿದ. ಮಕ್ಕಳಿಗೆ ಜಾರುಬಂಡೆ, ಮುದುಕರಿಗೆ ಬೆಂಚು, ಎಲ್ಲರಿಗೂ ಫಲಕ. ಹೂ ಕೀಳಬಾರದು. ಹುಲ್ಲು ತುಳಿಯಬಾರದು. ಎಡಗಡೆಯಿಂದಲೇ ನಡೆಯಬೇಕು. ಜನ ಅವನನ್ನು ಹೊಗಳುತ್ತಿದ್ದರು. ಹೊಗಳುವಾಗ ಅವನು ಬೇರೆ ಕಡೆ ನೋಡುತ್ತಿದ್ದ. ಆದರೆ ಅಲ್ಲಿಂದ ಹೊರಡುತ್ತಿರಲಿಲ್ಲ.

ತೋಪಿನ ನಡುವೆ ಒಂದು ಕಲ್ಲು ಇತ್ತು. ಎರಡು ಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ನಿಂತ ಮನುಷ್ಯನ ಹೆಗಲೆತ್ತರ. ಅದೇನೆಂದು ಸಮಿತಿಯಲ್ಲಿ ಚರ್ಚೆಯಾಯಿತು. ಒಬ್ಬರು ಹಾಳು ದೇವಸ್ಥಾನದ ಬಾಗಿಲು ಎಂದರು. ಇನ್ನೊಬ್ಬರು ಪಾಳೆಯಗಾರರ ಕಾಲದ ತೋರಣ ಎಂದರು. ಮೂರನೆಯವರು, ಬಾಗಿಲಾದರೆ ಬಗ್ಗಿ ಹೋಗಬೇಕಲ್ಲ, ಕುಳ್ಳರ ದೇವಸ್ಥಾನವೇ ಎಂದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಧ್ಯಕ್ಷ, "ಪುರಾತನ ಶಿಲೆ. ಮುಟ್ಟಬಾರದು" ಎಂದು ಫಲಕ ಬರೆಸಿ ಎಲ್ಲರನ್ನೂ ಗೆಲ್ಲಿಸಿದ. ಕಲ್ಲಿನ ಸುತ್ತ ಸರಪಳಿ ಬಂತು. ಬೇಲಿಯಾಚೆಯೇ ಹಳ್ಳಿ ಇತ್ತು. ಅಲ್ಲಿಯವರನ್ನು ಒಂದು ಮಾತು ಕೇಳಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

ಸರಪಳಿ ಹಾಕಿದ ಎರಡನೆಯ ಬೆಳಿಗ್ಗೆ ಅಧ್ಯಕ್ಷ ತನ್ನ ಹತ್ತು ಸುತ್ತಿನಲ್ಲಿ ಏಳನ್ನು ಮುಗಿಸಿದ್ದ. ಹಳ್ಳಿಯ ಹೆಂಗಸೊಬ್ಬಳು ಹಸಿಹುಲ್ಲಿನ ಹೊರೆ ಹೊತ್ತು ಬಂದಳು. ಕೆರೆಯಂಗಳದಲ್ಲಿ ಕೊಯ್ದ ಹುಲ್ಲನ್ನು ಮನೆಗೆ ಒಯ್ಯುವ ಹಳೆಯ ಕಾಲುದಾರಿ ಆ ತೋಪಿನೊಳಗೇ ಹಾದುಹೋಗುತ್ತಿತ್ತು. ಅವಳು ಸೀದಾ ಕಲ್ಲಿನ ಕಡೆ ನಡೆದಳು. ಸರಪಳಿ ಮೊಣಕಾಲಿಗೆ ತಾಗಿತು. ನಿಂತಳು.

"ಸ್ವಾಮಿ, ಇದನ್ಯಾಕೆ ಕಟ್ಟವ್ರೆ?"

"ಅಲ್ಲೇ ಬರೆದಿದೆ ನೋಡಮ್ಮ."

"ನಂಗೆ ಓದಾಕ್ ಬರಲ್ಲ. ಬಂದ್ರೂ, ಹೊರೆ ಹೊತ್ತೋಳು ತಲೆ ಎತ್ತಿ ಓದಾಕಾಯ್ತದಾ? ಒಸಿ ಕೈ ಹಿಡಿದು ಇಳಿಸ್ಕೊಡಿ. ಕತ್ತು ಬಿದ್ದೋಗ್ತೈತೆ."

ಹುಲ್ಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಬಿಳಿ ಅಂಗಿ ಹಾಕಿದ್ದ. ಮೂರು ಸುತ್ತು ಬಾಕಿ ಇತ್ತು. ಮಾಲಿ ಕಾಣುತ್ತಾನೇನೋ ಎಂದು ಅತ್ತಿತ್ತ ನೋಡಿದ. ಮಾಲಿ ಇರಲಿಲ್ಲ.

"ಇದನ್ನು ಮುಟ್ಟುವ ಹಾಗಿಲ್ಲಮ್ಮ. ಬಹಳ ಹಳೆಯದು. ಯಾಕೆ ನಿಲ್ಲಿಸಿದರು ಅಂತ ತಿಳಿದವರು ಯಾರೂ ಇಲ್ಲ."

ಹೆಂಗಸು ಜಾರುತ್ತಿದ್ದ ಹೊರೆಯನ್ನು ಎರಡೂ ಕೈಯಿಂದ ಸರಿಮಾಡಿಕೊಂಡಳು.

"ತಿಳಿಯಾಕೇನೈತೆ ಸ್ವಾಮಿ. ಹೊರೆ ಇಳಿಸೋ ಕಲ್ಲು. ಒಬ್ರೇ ಬಂದೋರು ಇದರ ಮ್ಯಾಲೆ ಇಳಿಸ್ಕೊಂಡು, ಸುಧಾರಿಸ್ಕೊಂಡು, ತಿರುಗಿ ತಲೆಗಿಟ್ಕೊಂಡು ಹೋಗ್ಲಿ ಅಂತ. ಕೈ ಹಿಡಿಯೋರು ಇಲ್ದಿರೋ ಕಡೆ ನಿಲ್ಲಿಸ್ತಾರೆ."

ಇಷ್ಟು ಹೇಳಿ ಅವಳು ಹೊರೆಯೊಂದಿಗೇ ಹೋದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ತಿಳಿಯದವನಿಗೆ ತಿಳಿಸಿದ್ದಳು, ಅಷ್ಟೆ.

ಅಧ್ಯಕ್ಷ ಉಳಿದ ಮೂರು ಸುತ್ತನ್ನೂ ಮುಗಿಸಿದ. ಎಂಟನೆಯದರಲ್ಲಿ ಕಲ್ಲಿನ ಹತ್ತಿರ ಬಂದಾಗ ಅವನ ಕಿವಿ ಬಿಸಿಯಾಯಿತು. ಒಂಬತ್ತನೆಯದರಲ್ಲಿ ಆ ಕಡೆ ನೋಡಲಿಲ್ಲ. ಹತ್ತನೆಯದರಲ್ಲಿ ತಾನು ಎರಡೂ ಕೈ ಬೀಸಿಕೊಂಡು ನಡೆಯುತ್ತಿರುವುದು ಗಮನಕ್ಕೆ ಬಂತು. ಆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಮನೆ ತಲುಪುವವರೆಗೂ ಬೆನ್ನ ಹಿಂದೆ ಕಟ್ಟಿಕೊಂಡು ನಡೆದ.

ಮೂರು ದಿನ ಅವನಿಗೆ ಊಟ ರುಚಿಸಲಿಲ್ಲ. ನಾಲ್ಕನೆಯ ದಿನ ಹೆಂಡತಿಗೆ ಹೇಳಿದ. ಹೇಳುವಾಗ ಬಿಳಿ ಅಂಗಿಯ ವಿಷಯ ಬಿಟ್ಟ.

ಅವಳು ಎಲ್ಲವನ್ನೂ ಕೇಳಿ, "ಸರಪಳಿಗೆ ಬೀಗ ಇದೆಯೇನ್ರೀ?" ಎಂದಳು.

"ಇಲ್ಲ. ಬರೀ ಕೊಕ್ಕೆ."

"ಮತ್ತೆ ಹೋಗಿ ಬಿಚ್ಚಿ ಬನ್ನಿ. ಸಾರು ಕುದಿಯೋದರೊಳಗೆ ವಾಪಸ್ ಬರ್ತೀರಿ."

"ಹಾಗೆ ಕದ್ದು ಬಿಚ್ಚಿದರೆ ಹೇಗೆ? ತಪ್ಪು ಮಾಡಿದ್ದೇನೆ. ಎಲ್ಲರೆದುರು ಒಪ್ಪಿಕೊಳ್ಳಬೇಡವೇ?"

"ತಪ್ಪು ಮಾಡುವಾಗ ಎಲ್ಲರೂ ಇದ್ರಾ?" ಎಂದಳು ಹೆಂಡತಿ, ಹುಣಸೆಹಣ್ಣು ಹಿಂಡುತ್ತಾ.

ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನ ಮನಸ್ಸಿನಲ್ಲಿ ಆಗಲೇ ಶಾಮಿಯಾನ ಎದ್ದು ನಿಂತಿತ್ತು.

ಸಮಿತಿ ಒಪ್ಪಿತು. ಮುಂದಿನ ವಾರ ಬಿಟ್ಟು ಅದರ ಮುಂದಿನ ಭಾನುವಾರ ಗೊತ್ತಾಯಿತು. ಕಲ್ಲಿಗೆ ಹೊಸ ಫಲಕ ತಯಾರಾಯಿತು. ಅದರಲ್ಲಿ ಕಲ್ಲಿನ ಉಪಯೋಗ ಬರೆದಿತ್ತು, ಅದನ್ನು ಕಂಡುಹಿಡಿದವರೆಂದು ಅಧ್ಯಕ್ಷರ ಹೆಸರೂ ಇತ್ತು. ಅವನು ಹೆಸರು ಬೇಡವೆಂದ. ಎರಡು ಸಲ ಬೇಡವೆಂದ. ಮೂರನೆಯ ಸಲ ಯಾರೂ ಒತ್ತಾಯ ಮಾಡುವ ಪ್ರಮೇಯ ಬರಲಿಲ್ಲ.

ಆಮಂತ್ರಣ ಅಚ್ಚಿಗೆ ಹೋಗುವ ಹೊತ್ತಿಗೆ ಆ ಹೆಂಗಸಿನ ಹೆಸರು ಬೇಕಾಯಿತು. ಯಾರಿಗೂ ಗೊತ್ತಿರಲಿಲ್ಲ. ಮಾಲಿಯನ್ನು ಕೇಳಿದರು. ಅವನು ಪಿಳ್ಳಮ್ಮ ಎಂದ. "ಮುಖ್ಯ ಅತಿಥಿಗಳಾದ ಶ್ರೀಮತಿ ಪಿಳ್ಳಮ್ಮನವರು ಮೊದಲ ಹೊರೆ ಇಳಿಸುವರು" ಎಂದು ಅಚ್ಚಾಯಿತು.

ಸರಪಳಿಯನ್ನು ಮಾತ್ರ ಭಾನುವಾರದವರೆಗೆ ಯಾರೂ ಬಿಚ್ಚಲಿಲ್ಲ. ಮೊದಲೇ ಬಿಚ್ಚಿಬಿಟ್ಟರೆ ಸಮಾರಂಭದಲ್ಲಿ ಬಿಚ್ಚುವುದೇನು? ಅಷ್ಟೂ ದಿನ ಪಿಳ್ಳಮ್ಮ ಹೊರೆ ಹೊತ್ತು ಆ ಕಲ್ಲಿನ ಪಕ್ಕದಲ್ಲೇ ಹಾದುಹೋದಳು. ಅಧ್ಯಕ್ಷ ಅವಳನ್ನು ದೂರದಿಂದ ಕಂಡರೆ ಜಾರುಬಂಡೆಯ ಕಡೆ ತಿರುಗಿಕೊಳ್ಳುತ್ತಿದ್ದ. ತಪ್ಪೊಪ್ಪಿಕೊಳ್ಳುವ ಮೊದಲು ಮುಖ ತೋರಿಸುವುದು ಹೇಗೆ ಎಂಬ ಸಂಕೋಚ ಅವನಿಗೆ. ಅಂತೂ ಕೈ ಹಿಡಿಯಲು ದಿನಕ್ಕೊಂದರಂತೆ ಸಿಕ್ಕ ಅವಕಾಶಗಳು ಒಂದೊಂದಾಗಿ ಕಲ್ಲುಹಾಸಿನ ಮೇಲೆ ನಡೆದು ಹೋದವು. ಅವನು ಮನೆಯಲ್ಲಿ ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದ.

ಭಾನುವಾರ ಬಂತು. ಬಡಾವಣೆಯವರೆಲ್ಲ ಬಂದರು. ಹಳ್ಳಿಯವರೂ ಬಂದು ಹಿಂದುಗಡೆ ನಿಂತರು. ಪಿಳ್ಳಮ್ಮ ಪೆಟ್ಟಿಗೆಯೊಳಗಿನ ಸೀರೆ ಉಟ್ಟುಕೊಂಡು, ಬರಿಗೈಯಲ್ಲಿ ಬಂದಳು.

"ಹೊರೆ ಎಲ್ಲಮ್ಮ?" ಎಂದು ಸಮಿತಿಯವರು ಗಾಬರಿಯಾದರು.

"ಇವತ್ತು ಭಾಷಣ ಐತೆ ಅಂದ್ರಲ್ಲ. ನಿನ್ನೇನೇ ಎರಡು ದಿನದ ಹುಲ್ಲು ತಂದಾಕ್ದೆ."

ಹೊರೆಯೇ ಇಲ್ಲದೆ ಇಳಿಸುವುದು ಏನನ್ನು? ಮಾಲಿಯನ್ನು ಓಡಿಸಿದರು. ಅವನು ಸವರಿದ ಕೊಂಬೆ, ಕಿತ್ತ ಕಳೆ, ಹಸಿ ಸೊಪ್ಪು ಎಲ್ಲ ಸೇರಿಸಿ ಒಂದು ಹೊರೆ ಕಟ್ಟಿದ. ಫೋಟೋದಲ್ಲಿ ಎದ್ದು ಕಾಣಲಿ ಎಂದು ಇನ್ನಷ್ಟು ಸೇರಿಸಿ ಕಟ್ಟಿಸಿದರು. ಅದನ್ನು ಪಿಳ್ಳಮ್ಮನ ತಲೆಗೆ ಏರಿಸಲು ನಾಲ್ಕು ಜನ ಸದಸ್ಯರು ನಾ ಮುಂದು ತಾ ಮುಂದು ಎಂದು ಬಂದು ಕೈ ಹಿಡಿದರು. ಅಧ್ಯಕ್ಷನೂ ಹಿಡಿದ. ಅವಳನ್ನು ಕಲ್ಲಿನ ಮುಂದೆ, ಜನರಿಗೆ ಮುಖ ಕಾಣುವಂತೆ ನಿಲ್ಲಿಸಿದರು. ಸರಪಳಿಯನ್ನು ಬಿಚ್ಚಿ ಅದರ ಜಾಗದಲ್ಲಿ ಕೆಂಪು ಟೇಪು ಕಟ್ಟಿದ್ದರು. ಟೇಪು ಕತ್ತರಿಸುವುದು ಭಾಷಣದ ನಂತರ.

ಅಧ್ಯಕ್ಷ ಮೈಕು ಹಿಡಿದ. ಗುಂಡುತೋಪು ನೆಟ್ಟ ಹಿರಿಯರನ್ನು ನೆನೆದ. ಆಮೇಲೆ ಆ ಬೆಳಗಿನ ಸಂಗತಿ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ. ಬಿಳಿ ಅಂಗಿಯ ವಿಷಯವನ್ನೂ ಹೇಳಿದ. "ಈ ಕಲ್ಲಿಗಿಂತ ಕಲ್ಲು ನಾನು" ಎಂದ. ಮುಂದಿನ ಸಾಲಿನಲ್ಲಿ ಇಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೀಗೆ ಒಪ್ಪಿಕೊಳ್ಳೋರು ಈಗ ಎಲ್ಲಿದ್ದಾರೆ" ಎಂದು ಯಾರೋ ಅಂದದ್ದು ಅವನಿಗೂ ಕೇಳಿಸಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಮಾತ್ರ ಅವನ ಕಡೆ ನೋಡುತ್ತಿರಲಿಲ್ಲ. ಬೇರೆ ಕಡೆ ನೋಡುತ್ತಿದ್ದಳು.

ಎಷ್ಟೋ ದಿನಗಳ ಮೇಲೆ ಅವನ ಎದೆ ಹಗುರವಾಯಿತು. ಹಗುರವಾದದ್ದು ಹಿತವಾಯಿತು. ಹಿತವಾದದ್ದರಿಂದ ಮಾತು ಮುಂದುವರಿಯಿತು. ದಯೆಯ ಬಗ್ಗೆ ಹೇಳಿದ. ನೆರೆಹೊರೆಯ ಬಗ್ಗೆ ಹೇಳಿದ. "ಇನ್ನು ಮೇಲಾದರೂ ಹೊರೆ ಹೊತ್ತವರ ಕಷ್ಟ ನಮ್ಮ ಕಣ್ಣಿಗೆ ಕಾಣಬೇಕು" ಎಂದು ಪಿಳ್ಳಮ್ಮನ ಕಡೆ ಕೈ ಚಾಚಿ ತೋರಿಸಿದ. ಜನ ಆ ಕಡೆ ನೋಡಿದರು. ತೋರಿಸಿದವನೂ ನೋಡಿದ.

ಅವಳ ಕತ್ತಿನ ನರ ಉಬ್ಬಿ ನಿಂತಿತ್ತು. ಮೊಣಕಾಲು ಸಣ್ಣಗೆ ನಡುಗುತ್ತಿತ್ತು. ಸೊಪ್ಪಿನಿಂದ ಇಳಿದ ಕೆಂಪಿರುವೆಯೊಂದು ಹಣೆಯ ಮೇಲೆ ಹರಿಯುತ್ತಿತ್ತು. ಎರಡು ಕೈಯೂ ಹೊರೆಗೆ ಬೇಕಾಗಿದ್ದರಿಂದ ಅವಳು ಅದನ್ನು ಒರೆಸಿಕೊಂಡಿರಲಿಲ್ಲ. ಕಲ್ಲು ಅವಳ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿತ್ತು. ನಡುವೆ ಕೆಂಪು ಟೇಪು.

ಅವನ ಮಾತು ನಿಂತಿತು. ಭಾವುಕನಾದ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಒಂದೊಂದೂ ಅವನ ಕೆನ್ನೆಯ ಮೇಲೆ ಬಿದ್ದ ಹಾಗಾಯಿತು. ಅವನು ಮೈಕು ಹಿಡಿದುಕೊಂಡೇ ಅವಳ ಹತ್ತಿರ ಓಡಿ, ಇನ್ನೊಂದು ಕೈಯನ್ನು ಹೊರೆಗೆ ಚಾಚಿದ. ಒಂದು ಕೈಯಲ್ಲಿ ಹೊರೆ ಇಳಿಯುವುದಿಲ್ಲ.

"ಬಿಡಿ ಸ್ವಾಮಿ" ಎಂದಳು ಪಿಳ್ಳಮ್ಮ. "ಇಷ್ಟೊತ್ತು ಹೊತ್ತಿದ್ದೀನಿ. ನಿಮ್ದು ಮುಗಿಸ್ಕೊಳ್ಳಿ."

ಅವಳು ಅದನ್ನು ಮೆಲ್ಲಗೇ ಹೇಳಿದ್ದಳು. ಆದರೆ ಮೈಕು ಅವಳ ಬಾಯಿಯ ಹತ್ತಿರ ಇತ್ತು. ಮುಂದಿನ ಸಾಲಿನವರಿಗೂ ಕೇಳಿಸಿತು, ಹಿಂದೆ ನಿಂತ ಹಳ್ಳಿಯವರಿಗೂ ಕೇಳಿಸಿತು. ಕೆರೆಯ ಆಚೆ ದನ ಕಾಯುವವರಿಗೂ ಕೇಳಿಸಿತಂತೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಅಷ್ಟು ಸಾಲಲಿಲ್ಲ. ಹೊಸ್ತಿಲ ಮೇಲೆ ಇನ್ನಷ್ಟು ಭದ್ರವಾಗಿ ಕೂತು, ಬಾಗಿಲಿನ ಎರಡು ಪಕ್ಕಕ್ಕೂ ಕೈ ಊರಿಕೊಂಡ. "ಆಮೇಲೆ ಅವನೇನು ಮಾಡಿದ? ಹೊರೆ ಇಳಿಸಿದವರು ಯಾರು? ಗುರುಗಳೇ, ಮೊದಲ ದಿನದ ನಾಚಿಕೆ ದೊಡ್ಡದೋ, ಆ ಭಾನುವಾರದ್ದೋ? ಅದನ್ನು ಅವನು ಯಾರೆದುರು ಒಪ್ಪಿಕೊಳ್ಳಬೇಕಿತ್ತು?" ಎಂದು ಒಂದರ ಮೇಲೊಂದು ಕೇಳಿದ.

ಗುರುಗಳು ಅವನ ತಲೆಯ ಮೇಲಿಂದ ಬಾಗಿಲಾಚೆ ನೋಡಿದರು.

"ಮೊದಲು ಏಳಪ್ಪ, ಸಾಕಮ್ಮ ತುಂಬಿದ ಕೊಡ ಹೊತ್ತು ನಿನ್ನ ಬೆನ್ನ ಹಿಂದೆ ನಿಂತಿದ್ದಾಳೆ."