ಒಂದೇ ನಳಿಗೆ

ಬಾತು ಬೇಟೆಗೆ ಯಾವ ಕೋವಿ ಕೊಳ್ಳುವುದೆಂದು ತಿಳಿಯದ ಒಬ್ಬ ಬೇಟೆಗಾರ ಕೆರೆಯ ಪಕ್ಕದ ಬಯಲಿನಲ್ಲಿ ಮಣ್ಣಿನ ಬಿಲ್ಲೆಗಳನ್ನು ಗಾಳಿಗೆ ಹಾರಿಸಿ, ಎರಡು ಕೋವಿಗಳಿಂದ ಹೊಡೆದು ನೋಡುತ್ತಿದ್ದ. ಗುಂಡು ತಾಗದ ಬಿಲ್ಲೆಯೊಂದು ಜೊಂಡಿನೊಳಗೆ ಬಂದು ಬಿತ್ತು. ಮೂರು ದಿನದಿಂದ ನಿದ್ದೆಗೆಟ್ಟು ಅಲ್ಲೇ ಅಡಗಿದ್ದ ಮುದಿ ಬಾತು ಆ ಬಿಲ್ಲೆಯನ್ನು ಕೇಳಿತು, “ಬೇಗ ಹೇಳಪ್ಪ, ಅವನು ಯಾವುದನ್ನು ಆರಿಸಿದ?”

“ಜೋಡುನಳಿಗೆ ಕೋವಿಯನ್ನು ಬಿಟ್ಟ, ಅಜ್ಜ. ಹೊಸ ಸೆಮಿ ಆಟೋಮ್ಯಾಟಿಕ್ ಹಿಡಿದಿದ್ದಾನೆ. ಅದಕ್ಕೆ ಒಂದೇ ನಳಿಗೆ.”

“ಒಂದೇ? ಹಾಗಾದರೆ ಬದುಕಿದೆವು. ಜೋಡುನಳಿಗೆಯಾಗಿದ್ದರೆ ಎರಡು ಈಡು ಮುಗಿಯುವ ತನಕ ಜೊಂಡಿನಲ್ಲಿ ಉಸಿರು ಬಿಗಿಹಿಡಿದು ಕೂತು, ಅವನು ಮತ್ತೆ ತೋಟಾ ತುಂಬುವಷ್ಟರಲ್ಲಿ ಹಾರಬೇಕಿತ್ತು. ಇದಕ್ಕೆ ಒಂದು ಈಡು ಕಾದರೆ ಸಾಕು.”

“ತಾಳಿ ಅಜ್ಜ, ಅದಕ್ಕೆ ಪ್ರತಿ ಸಲ ತೋಟಾ ತುಂಬಬೇಕಾಗಿಲ್ಲ” ಎಂದು ಬಿಲ್ಲೆ ಹೇಳುವಷ್ಟರಲ್ಲಿ ಬಾತು ದೂರ ಈಜಿಹೋಗಿತ್ತು. ಮೊದಲ ಈಡು ಕೇಳಿದೊಡನೆ ಹಾರಿರೆಂದು ಅದು ಹಿಂಡಿಗೆಲ್ಲ ಸಾರಿತು. ಅಂದು ಎಲ್ಲ ಬಾತುಗಳೂ ನೆಮ್ಮದಿಯಾಗಿ ನಿದ್ದೆ ಮಾಡಿದವು.

ಮರುದಿನ ಬೆಳಿಗ್ಗೆ ಒಂದು ಈಡು ಕೇಳಿಸಿತು. ಹಿಂಡೆಲ್ಲ ಒಟ್ಟಿಗೆ ಮೇಲೆದ್ದಿತು.

ಜೊಂಡಿನಲ್ಲಿ ಬಿದ್ದಿದ್ದ ಬಿಲ್ಲೆ ಎಣಿಸಿತು, “ಎರಡು. ಮೂರು.”